ತುಂಗನಾಥದ ದಾರಿಯಲ್ಲಿ ಬ್ಯಾಟರಿಯ ಚಿಂತೆ

ಕೇದಾರಖಂಡದ ಯಾತ್ರೆಯನ್ನು ಕುರಿತು ಬರೆದವರು ಅನೇಕರಿದ್ದಾರೆ. ಗಂಗೆಯ ತಣ್ಪು, ದೇವದಾರುಗಳ ನೆರಳು, ಹಿಮಶಿಖರಗಳ ಗಾಂಭೀರ್ಯ, ಇವುಗಳ ವರ್ಣನೆ ವಾಚಕರಿಗೆ ಹೊಸದಲ್ಲ. ಕಾಳಿದಾಸನು ಕುಮಾರಸಂಭವವನ್ನು ಹಿಮವಂತನ ವರ್ಣನೆಯಿಂದಲೇ ಆರಂಭಿಸಿದ ಮೇಲೆ ನಮ್ಮಂತಹವರು ಆ ಕೆಲಸಕ್ಕೆ ಕೈಹಾಕುವುದು ಉಚಿತವೂ ಅಲ್ಲ. ಆದುದರಿಂದ ನಾವು ಇಲ್ಲಿ ಹೇಳಹೊರಟಿರುವುದು ಬಹು ಸಣ್ಣ ವಿಷಯ. ೨೦೨೪ನೆಯ ಇಸವಿಯ ಅಕ್ಟೋಬರಿನಲ್ಲಿ ನಾವು ತುಂಗನಾಥಕ್ಕೆ ಹೋದಾಗ ಕ್ಯಾಮೆರಾದ ಬ್ಯಾಟರಿಗಳಿಗೆ ಚಾರ್ಜು ತುಂಬಿಸಿಕೊಂಡ ಬಗೆ ಯಾವುದು, ಅದರಲ್ಲಿ ಎಡವಿದ್ದೆಲ್ಲಿ ಎಂಬುದಿಷ್ಟೆ. ಇದು ಯಾತ್ರಾವರ್ಣನೆಗೆ ಯೋಗ್ಯವಾದ ವಸ್ತುವೇ ಎಂದು ವಾಚಕರು ಕೇಳಬಹುದು. ಹೊರಡುವ ಮೊದಲು ನಾವೂ ಹಾಗೆಯೇ ಕೇಳುತ್ತಿದ್ದೆವು.

ಕ್ಯಾಮೆರಾ ಏಕೆ ಬೇಕಾಯಿತೆಂಬುದನ್ನು ಮೊದಲು ಹೇಳಬೇಕು. ನಮ್ಮ ತಂದೆಯವರು ೧೯೫೮ರಲ್ಲಿ ಬದರೀ ಕೇದಾರಗಳ ಯಾತ್ರೆ ಮಾಡಿದರು. ಆಗ ನಾವು ಇನ್ನೂ ಹುಟ್ಟಿರಲಿಲ್ಲ. ನಮ್ಮ ಅಕ್ಕನಿಗೆ ಹತ್ತು ವರ್ಷ. ತಂದೆಯವರು ಹಿಂದಿರುಗಿ ಬಂದು, ತುಂಗನಾಥದ ಮೇಲಿನ ಚಂದ್ರಶಿಲೆಯೆಂಬ ಶಿಖರದಲ್ಲಿ ನಿಂತು ಬೆಳಗಿನ ಜಾವ ಕಂಡುದನ್ನು ಆಕೆಗೆ ಹೇಳಿದ್ದರಂತೆ. ಎದುರಿಗೆ ಚೌಖಂಬಾ, ಎಂದರೆ ನಾಲ್ಕು ಕಂಬದ ಬೆಟ್ಟ. ಸೂರ್ಯನು ಎತ್ತರದ ಕಂಬಕ್ಕೆ ಮೊದಲು ಬೆಳಕು ಮುಟ್ಟಿಸಿ, ಬಳಿಕ ಒಂದೊಂದನ್ನೇ ದೀಪ ಹಚ್ಚಿದಂತೆ ಹಚ್ಚುತ್ತ ಹೋದನೆಂದು. ಆ ಮಾತು ಅಕ್ಕನ ಮನಸ್ಸಿನಲ್ಲಿ ಹೇಗೆ ನಿಂತುಬಿಟ್ಟಿತೆಂದರೆ, ಕಾರ್ತಿಕಮಾಸದಲ್ಲಿ ಆಕೆ ಹೊಸ್ತಿಲ ಮುಂದೆ ಹಾಕುತ್ತಿದ್ದ ರಂಗವಲ್ಲಿಯಲ್ಲಿ ನಾಲ್ಕು ಕಂಬಗಳು ತಪ್ಪದೆ ಇರುತ್ತಿದ್ದುವು. ನಮಗೆ ತಂದೆಯವರ ಮುಖದ ನೆನಪೇ ಮಸುಕು. ಅವರ ಯಾತ್ರೆಯ ವಿಷಯವೆಲ್ಲ ಅಕ್ಕನ ಬಾಯಿಂದಲೇ ತಿಳಿದದ್ದು. ಒಂದು ದಿನ ತಾನೂ ಅಲ್ಲಿಗೆ ಹೋಗಬೇಕೆಂದು ಆಕೆ ಹೇಳುತ್ತಲೇ ಇದ್ದಳು, ಸಂಸಾರ ಬಿಡಲಿಲ್ಲ. ಈಗ ಸೊಂಟದ ಮೂಳೆ ಮುರಿದು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎಂಬಂತಾಗಿದೆ. “ನೀನು ಹೋಗಿ ಬಾರೋ, ನನಗೆ ಬಂದು ತೋರಿಸು. ಒಂದು ಪಟ ಸಾಲದು, ಒಂದಾದಮೇಲೊಂದು ಹತ್ತಿಕೊಳ್ಳುವುದು ಕಾಣಬೇಕು” ಎಂದಳು.

ಮೊಬೈಲಿನಲ್ಲಿ ತೆಗೆದರೆ ದೂರದ ಬೆಟ್ಟವು ಸಾಸಿವೆಯಷ್ಟಾಗಿ ಕಾಣುವುದರಿಂದ ನಮ್ಮ ಮಗನು ತನ್ನ ಮಿರರ್‌ಲೆಸ್ ಕ್ಯಾಮೆರಾವನ್ನೂ ದೂರದೃಷ್ಟಿಯ ಲೆನ್ಸನ್ನೂ ಕೊಟ್ಟನು. ಮಿರರ್‌ಲೆಸ್ ಎಂದರೆ ಕನ್ನಡಿಯಿಲ್ಲದ್ದು. ಹಿಂದಿನ ಕ್ಯಾಮೆರಾಗಳಲ್ಲಿ ಒಳಗೊಂದು ಕನ್ನಡಿಯಿದ್ದು, ಹೊರಗಿನ ಬೆಳಕೇ ಪ್ರತಿಫಲಿಸಿ ನಮ್ಮ ಕಣ್ಣಿಗೆ ಬರುತ್ತಿತ್ತು. ನೋಡುವುದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಇದರಲ್ಲಿ ನೋಟವೇ ವಿದ್ಯುತ್ತಿನದು. ನಾವು ಕಣ್ಣಿಟ್ಟು ನೋಡುತ್ತಿರುವಷ್ಟು ಹೊತ್ತೂ ಬೆಳಕನ್ನು ಗ್ರಹಿಸುವ ಫಲಕವೂ ಒಳಗಿನ ಪುಟ್ಟ ಪರದೆಯೂ ಉರಿಯುತ್ತಲೇ ಇರಬೇಕು. ಚಿತ್ರ ತೆಗೆದರೂ ಖರ್ಚು, ತೆಗೆಯದೆ ಸುಮ್ಮನೆ ನೋಡಿದರೂ ಖರ್ಚು. ಈ ಕ್ಯಾಮೆರಾದ ಬ್ಯಾಟರಿ ೭.೨ ವೋಲ್ಟಿನದು, ೧೦೨೦ ಮಿಲಿಯಾಂಪಿಯರ್-ಗಂಟೆಯದು. ಗುಣಿಸಿದರೆ ಏಳು ಚಿಲ್ಲರೆ ವ್ಯಾಟ್-ಗಂಟೆ. ತಯಾರಿಸಿದವರ ಲೆಕ್ಕದಂತೆ ಒಂದು ತುಂಬಿದ ಬ್ಯಾಟರಿಗೆ ಸುಮಾರು ನಾನೂರು ಚಿತ್ರಗಳು. ಆ ಲೆಕ್ಕ ನಮ್ಮಂತೆ ಹತ್ತು ನಿಮಿಷ ನೋಡಿ ಒಂದು ಚಿತ್ರ ತೆಗೆಯುವವರಿಗೆ ಹೇಳಿದ್ದಲ್ಲ.

ಪೆಟ್ಟಿಗೆಯಲ್ಲಿ ಬ್ಯಾಟರಿ ಒಂದು, ಕೇಬಲ್ಲು ಒಂದು, ಗೋಡೆಗೆ ಚುಚ್ಚುವ ಅಡಾಪ್ಟರು ಒಂದು. ಬ್ಯಾಟರಿಯನ್ನು ಕ್ಯಾಮೆರಾದ ಒಳಗೇ ಇಟ್ಟು ಕೇಬಲ್ಲು ಸಿಕ್ಕಿಸಿ ತುಂಬಿಸಬೇಕು. ಪ್ರತ್ಯೇಕ ಚಾರ್ಜರು ಕೊಟ್ಟಿರಲಿಲ್ಲ. ಇದು ಸಾಕಾದೀತೇ ಎಂಬ ಸಂಶಯ ಬಂದು, ಸಾಗರದ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮ ಹಳೆಯ ಶಿಷ್ಯನೊಬ್ಬನ ಬಳಿಗೆ ಹೋದೆವು. ಶಬ್ದರೂಪಗಳನ್ನು ಬಾಯಿಪಾಠ ಮಾಡಲಾರದೆ ನಮ್ಮಿಂದ ಎಷ್ಟೋ ಸಲ ಬೆಂಚಿನ ಮೇಲೆ ನಿಂತವನು. ಈಗ ನಾವು ಅವನೆದುರು ವಿದ್ಯಾರ್ಥಿಯಂತೆ ಕುಳಿತೆವು.

“ಮೇಷ್ಟ್ರೇ, ಮೊದಲು ಒಂದು ಮಾತು ಹೇಳಿ. ಕರೆಂಟಿಲ್ಲದ ಕಡೆ ಎಷ್ಟು ರಾತ್ರಿ ಇರುತ್ತೀರಿ? ಅದು ಗೊತ್ತಾದರೆ ಏನು ಕೊಳ್ಳಬೇಕೆಂದು ನಾನು ಹೇಳುತ್ತೇನೆ” ಎಂದನು.

ಎರಡು ರಾತ್ರಿ ಎಂದೆವು. ಅವನು ಹೇಳಿದುದರ ಸಾರಾಂಶವಿದು. ಕ್ಯಾಮೆರಾದೊಳಗೇ ತುಂಬಿಸುವುದು ಮನೆಯಲ್ಲಿರುವವರಿಗೆ ಸಾಕು; ಸಾಮಾನು ಕಡಮೆ, ಕಳೆದುಹೋಗುವ ಭಯವಿಲ್ಲ. ಆದರೆ ಅದಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತೂ ಕ್ಯಾಮೆರಾ ಗೋಡೆಗೆ ಕಟ್ಟಿಹಾಕಿದ ಹಸುವಿನಂತೆ. ಅದನ್ನು ಆರಿಸಿಟ್ಟರೆ ಮಾತ್ರ ಬ್ಯಾಟರಿ ತುಂಬುವುದು. ಹಚ್ಚಿದರೆ ಬಂದ ವಿದ್ಯುತ್ತನ್ನೆಲ್ಲ ತಾನೇ ಕುಡಿಯುವುದು. ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲಿನ ಚಾರ್ಜರನ್ನು ಸಿಕ್ಕಿಸಿದರೆ ಇನ್ನೂ ನಿಧಾನ. ಆದುದರಿಂದ ಎರಡು ಮನೆಯ ಹೊರ ಚಾರ್ಜರೊಂದನ್ನು ಕೊಳ್ಳಬೇಕು. ಎರಡು ಬ್ಯಾಟರಿ ಅದರಲ್ಲಿ ತುಂಬುತ್ತಿರುವಾಗ ಮೂರನೆಯದನ್ನು ಹಾಕಿಕೊಂಡು ತಿರುಗಾಡಬಹುದು. ಗೋಡೆಯ ಕರೆಂಟಿಗೆ ನೇರವಾಗಿ ಚುಚ್ಚುವ ಚಾರ್ಜರೂ ಉಂಟು, ಗಟ್ಟಿಯಾದದ್ದು. ಆದರೆ ಬೆಟ್ಟದ ಮೇಲೆ ಗೋಡೆಯೇ ಇಲ್ಲದಿದ್ದರೆ ಅದನ್ನೇನು ಮಾಡುವುದು? ಕೇಬಲ್ಲಿನಿಂದ ನಡೆಯುವ ಚಾರ್ಜರಾದರೆ ಗೋಡೆಗೂ ಆಯಿತು, ಮೋಟಾರಿಗೂ ಆಯಿತು, ಪವರ್ ಬ್ಯಾಂಕಿಗೂ ಆಯಿತು.

ಪವರ್ ಬ್ಯಾಂಕಿನ ಲೆಕ್ಕವನ್ನು ಅವನು ಕಾಗದದ ಮೇಲೆ ಮಾಡಿ ತೋರಿಸಿದನು. ಹತ್ತು ಸಾವಿರದ್ದೆಂದು ಬರೆದಿರುವುದು ೩.೭ ವೋಲ್ಟಿನ ಲೆಕ್ಕ, ಮೂವತ್ತೇಳು ವ್ಯಾಟ್-ಗಂಟೆ. ಅದನ್ನು ಐದು ವೋಲ್ಟಿಗೆ ಏರಿಸಿ ಹೊರಗೆ ಕಳುಹಿಸುವಾಗ, ಮತ್ತೆ ಅಲ್ಲಿಂದ ಬ್ಯಾಟರಿಯ ಮಟ್ಟಕ್ಕೆ ಏರಿಸುವಾಗ ಒಂದಂಶ ಶಾಖವಾಗಿ ಹೋಗುತ್ತದೆ. ಮೂರರಲ್ಲಿ ಎರಡು ಪಾಲು ಕೈಗೆ ಬಂದರೆ ಪುಣ್ಯ. ಅಂದರೆ ಐದು ಬ್ಯಾಟರಿ ತುಂಬೀತೆಂದು ನಂಬಿದವನಿಗೆ ಮೂರು ತುಂಬುವುದು. ಗಣಿತದಲ್ಲಿಯೂ ಈತ ನಮ್ಮ ಶಾಲೆಯಲ್ಲಿ ಹಿಂದೆಯೇ ಇದ್ದನೆಂಬುದು ನೆನಪಾಗಿ ನಮಗೆ ನಗು ಬಂದಿತು.

ಕೊನೆಯಲ್ಲಿ ಎರಡು ಎಚ್ಚರಿಕೆ ಕೊಟ್ಟನು. ಅರ್ಧ ಬೆಲೆಗೆ ಸಿಗುವ ಅನಾಮಧೇಯ ಬ್ಯಾಟರಿಯನ್ನು ಕೊಳ್ಳಬೇಡಿ ಎಂಬುದೊಂದು. ಮೇಲೆ ಹೋದಮೇಲೆ ಬ್ಯಾಟರಿಗಳನ್ನು ಚೀಲದಲ್ಲಿಡದೆ ಮೈಗೆ ತಾಗಿಸಿಟ್ಟುಕೊಳ್ಳಿ ಎಂಬುದು ಇನ್ನೊಂದು. ನಾವು ಒಂದು ಒಳ್ಳೆಯ ಬ್ಯಾಟರಿಯನ್ನು ಅವನಲ್ಲಿಯೇ ಕೊಂಡು, ಮೂರನೆಯದನ್ನು ಹೊರಗೆ ಅರ್ಧ ಬೆಲೆಗೇ ಕೊಂಡೆವು. ಮೂವತ್ತೈದು ವರ್ಷ ಸಂಬಳವನ್ನು ಎಣಿಸಿಕೊಂಡು ಬಾಳಿದವರ ಕೈ ಒಮ್ಮೆಗೇ ಬಿಚ್ಚಿಕೊಳ್ಳುವುದಿಲ್ಲ. ಎರಡನೆಯ ಮಾತನ್ನು ನಮ್ಮ ಮನೆಯವರು ಕೇಳಿಸಿಕೊಂಡರು, ನಾವು ಕೇಳಿಸಿಕೊಳ್ಳಲಿಲ್ಲ.

ವಿಮಾನನಿಲ್ದಾಣದಲ್ಲಿ ಮೊದಲನೆಯ ಪಾಠವಾಯಿತು. ಭಾರವೆಂದು ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿಗಳನ್ನೂ ದೊಡ್ಡ ಪೆಟ್ಟಿಗೆಯೊಳಗೆ ಬಟ್ಟೆಗಳ ನಡುವೆ ಇಟ್ಟು ಕಳುಹಿಸಿದ್ದೆವು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಹೆಸರು ಹಿಡಿದು ಕರೆದರು. ಲಿಥಿಯಮ್ ಬ್ಯಾಟರಿಗೆ ಬೆಂಕಿ ಹತ್ತಿದರೆ ಪ್ರಯಾಣಿಕರ ಕೋಣೆಯಲ್ಲಾದರೆ ಯಾರಾದರೂ ಕಂಡು ಆರಿಸಿಯಾರು, ಸಾಮಾನಿನ ಕೋಣೆಯಲ್ಲಿ ಕಾಣುವವರಾರು? ಆದುದರಿಂದ ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳನ್ನು ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ನೂರು ವ್ಯಾಟ್-ಗಂಟೆಯವರೆಗೆ ಅಪ್ಪಣೆ ಬೇಡ. ಎಲ್ಲರ ಮುಂದೆ ಪೆಟ್ಟಿಗೆ ಬಿಚ್ಚಿ, ಪಂಚೆಗಳ ಮಡಿಕೆಯಿಂದ ಅವನ್ನು ಹೆಕ್ಕಿ ತೆಗೆಯಬೇಕಾಯಿತು. ತಪ್ಪು ನಮ್ಮದೇ.

ದೆಹಲಿಯಿಂದ ರೈಲಿನಲ್ಲಿ ಹರಿದ್ವಾರಕ್ಕೆ ಬಂದು, ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಹೊರಟೆವು. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರು ಪಡೆಯುವುದನ್ನು ಕಂಡು ಇಳಿದು ಕೈಮುಗಿದೆವು. ರುದ್ರಪ್ರಯಾಗದಿಂದ ಮುಂದೆ ದಾರಿ ಮಂದಾಕಿನಿಯ ದಡದಲ್ಲಿ ಏರುತ್ತದೆ. ಮೋಟಾರಿನ ಸಾಕೆಟ್ಟಿನಲ್ಲಿ ಚಾಲಕನ ಮೊಬೈಲು, ನಮ್ಮ ಮೊಬೈಲು, ನಮ್ಮ ಚಾರ್ಜರು ಮೂರಕ್ಕೂ ಸರದಿ. ದಾರಿ ತೋರಿಸುವ ಮೊಬೈಲು ಆರಿದರೆ ನಾವೆಲ್ಲರೂ ಕಣಿವೆಗೇ ಹೋಗಬೇಕಾದೀತೆಂದು ಆತನು ತಮಾಷೆಯಾಗಿ ಹೇಳಿದುದರಿಂದ ನಾವು ನಮ್ಮ ಸರದಿಯನ್ನು ಬಿಟ್ಟುಕೊಟ್ಟೆವು. ಸಂಜೆ ಊಖೀಮಠವನ್ನು ಸೇರಿದಾಗ ಕ್ಯಾಮೆರಾ ಸಂಪೂರ್ಣ ಹಸಿದಿತ್ತು.

ಊಖೀಮಠದಲ್ಲಿ ಕನ್ನಡಿಗರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕೇದಾರನಾಥನ ಗುಡಿ ಚಳಿಗಾಲದಲ್ಲಿ ಮುಚ್ಚಿದಾಗ ಪೂಜೆ ನಡೆಯುವುದು ಇಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ. ಕೇದಾರದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮರು. ವೀರಶೈವರ ಪಂಚಪೀಠಗಳಲ್ಲೊಂದಾದ ಕೇದಾರಪೀಠವೂ ಇಲ್ಲಿಯೇ. ಮರದ ಕೆತ್ತನೆಯ ಬಾಗಿಲಿನ ಆ ಹಳೆಯ ಅಂಗಳದಲ್ಲಿ ನಮ್ಮ ಮನೆಯವರು ನನ್ನೊಡನೆ ಏನೋ ಮಾತನಾಡುತ್ತಿದ್ದಾಗ, ಹಿಂದಿನಿಂದ “ಎಲ್ಲಿಂದ ಬಂದೀರ‍್ರಿ ಸರ?” ಎಂಬ ದನಿ ಕೇಳಿತು. ಕಲಬುರಗಿಯ ಕಡೆಯ ತರುಣನೊಬ್ಬನು. ಸಾಗರದಿಂದೆಂದೆವು. ಸಾವಿರಾರು ಮೈಲಿ ದೂರದಲ್ಲಿ ತಾಯಿನುಡಿ ಕಿವಿಗೆ ಬಿದ್ದಾಗ ಎರಡು ಸೀಮೆಯ ಕನ್ನಡಕ್ಕೂ ನಡುವೆ ಅಂತರವೇ ಉಳಿಯುವುದಿಲ್ಲ. ನಾವು ತುಂಗನಾಥಕ್ಕೆ ಹೋಗುವವರೆಂದು ತಿಳಿದು, “ಮ್ಯಾಲೆ ಕರೆಂಟ್ ನಂಬಬ್ಯಾಡ್ರಿ. ಏನಿದ್ರೂ ಇಲ್ಲೇ ತುಂಬಿಸ್ಕೊಳ್ರಿ. ನಿಮ್ಮ ಖೋಲಿಯೊಳಗ ಪ್ಲಗ್ ಇಲ್ಲಂದ್ರ ನನ್ನ ಖೋಲಿಯೊಳಗ ಹಚ್ರಿ” ಎಂದನು. ನಮ್ಮ ವಸತಿಯಲ್ಲಿ ಪ್ಲಗ್ಗು ಒಂದೇ, ಅದೂ ಸಡಿಲ, ಗಳಿಗೆಗೊಮ್ಮೆ ಕೈಬಿಡುತ್ತಿತ್ತು. ಹೀಗೆ ಆ ರಾತ್ರಿ ಎರಡು ಬ್ಯಾಟರಿಗಳು ಕಲಬುರಗಿಯವನ ಕೋಣೆಯಲ್ಲಿಯೂ, ಪವರ್ ಬ್ಯಾಂಕು ನಮ್ಮ ದಿಂಬಿನ ಪಕ್ಕದಲ್ಲಿಯೂ ತುಂಬಿದುವು.

ಚೋಪ್ತಾ ಎಂಟೂವರೆ ಸಾವಿರ ಅಡಿಗೂ ಮೇಲಿರುವ ಹುಲ್ಲುಗಾವಲು. ಸುತ್ತಲೂ ದೇವದಾರು, ರೋಡೋಡೆಂಡ್ರನ್ ಮರಗಳು. ಅದು ಕೇದಾರನಾಥ ವನ್ಯಧಾಮದೊಳಗಿರುವುದರಿಂದ ವಿದ್ಯುತ್ ತಂತಿಯ ಕಂಬಗಳಿಲ್ಲ; ವಸತಿಗಳಲ್ಲಿ ಬಿಸಿಲಿನಿಂದ ತುಂಬಿದ ಬ್ಯಾಟರಿಯ ಸಣ್ಣ ದೀಪ. ನಮ್ಮ ಶಿಷ್ಯನು ಎರವಲು ಕೊಟ್ಟಿದ್ದ ಹತ್ತು ವ್ಯಾಟಿನ ಸೌರಫಲಕವನ್ನು ಪರೀಕ್ಷಿಸಲು ಇದೇ ಸ್ಥಳವೆಂದು ಹುಲ್ಲಿನ ಮೇಲೆ ಹರಡಿ, ಅದಕ್ಕೆ ಪವರ್ ಬ್ಯಾಂಕನ್ನು ಕಟ್ಟಿ, ಸೂರ್ಯನು ಸರಿದಂತೆಲ್ಲ ನಾವೂ ಅದನ್ನು ತಿರುಗಿಸುತ್ತ ಕುಳಿತೆವು. ಹನ್ನೊಂದು ಗಂಟೆಗೆ ಮೋಡ ಬಂದಿತು. ಬಂದದ್ದು ಹೋಗಲಿಲ್ಲ. ಅಷ್ಟರಲ್ಲಿ ಸಿಕ್ಕಿದುದು ಒಂದು ಬ್ಯಾಟರಿಯ ಲೆಕ್ಕದಷ್ಟು. ವಾರಗಟ್ಟಲೆ ಬೆಟ್ಟದಲ್ಲಿರುವವರಿಗೆ ಅದು ಒಳ್ಳೆಯದಿರಬಹುದು. ಎರಡು ದಿನದವರಿಗೆ ಅದರ ಬದಲು ಅಷ್ಟೇ ತೂಕದ ಇನ್ನೊಂದು ಪವರ್ ಬ್ಯಾಂಕು ಲೇಸು. ಆದರೆ ಆ ಕಾವಲಿನಲ್ಲಿ ಕುಳಿತಿದ್ದಾಗ ಮೋನಾಲ್ ಎಂಬ ಬಣ್ಣಬಣ್ಣದ ಪಕ್ಷಿಯೊಂದು ಪೊದೆಯಿಂದ ಹೊರಬಂದು ನಮ್ಮೆದುರೇ ಕಾಲು ಗಳಿಗೆ ಮೇಯ್ದುದನ್ನು ಕಂಡೆವು. ಫಲಕವನ್ನು ತಂದುದು ವ್ಯರ್ಥವಾಯಿತೆಂದು ಹೇಳಲಾರೆವು.

ಮರುದಿನ ತುಂಗನಾಥಕ್ಕೆ ಏರಿದೆವು. ದಾರಿ ಮೂರೂವರೆ ಕಿಲೋಮೀಟರು, ಕಲ್ಲು ಹಾಸಿದ್ದು. ನಮ್ಮ ಮನೆಯವರು ಹೇಸರಗತ್ತೆಯ ಮೇಲೆ, ನಾವು ಕೋಲು ಹಿಡಿದು. ಪಂಚಕೇದಾರಗಳಲ್ಲಿ ಶಿವನ ಬಾಹುಗಳು ಮೂಡಿದ ಸ್ಥಳವಿದೆಂದು ಪ್ರತೀತಿ. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿರುವ ಗುಡಿಯ ಮುಂದೆ ನಿಂತು ಕ್ಯಾಮೆರಾದಲ್ಲಿ ನೋಡಿದರೆ, ಗುಡಿ ಕೊಂಚ ವಾಲಿದೆಯೋ ಎಂಬ ಸಂಶಯ ಬಂದಿತು. ನಮ್ಮ ಕೈಯ ದೋಷವೆಂದೇ ತಿಳಿದು ಮತ್ತೆ ಮತ್ತೆ ಸರಿಮಾಡಿಕೊಂಡೆವು. ಗುಡಿ ಐದಾರು ಡಿಗ್ರಿ ವಾಲಿರುವುದನ್ನು ಪುರಾತತ್ತ್ವ ಇಲಾಖೆಯವರು ಅಳೆದು ನೋಡಿದ್ದಾರೆಂಬುದು ೨೦೨೩ರಲ್ಲಿಯೇ ಪತ್ರಿಕೆಗಳಲ್ಲಿ ಬಂದಿತ್ತು; ನಮಗೆ ಅದು ಆಮೇಲೆ ನೆನಪಾಯಿತು. ಗರ್ಭಗುಡಿಯಲ್ಲಿ ಕ್ಯಾಮೆರಾಕ್ಕೆ ಎಡೆಯಿಲ್ಲ. ಅದನ್ನು ಚೀಲಕ್ಕೆ ಸೇರಿಸಿ, ಕಣ್ಣಿನಿಂದಲೇ ದರ್ಶನ ಮಾಡಿದೆವು.

ಸಾಯಂಕಾಲದ ಆರತಿಯ ಹೊತ್ತಿಗೆ ಗಾಳಿ ಬೀಸತೊಡಗಿತು. ಕೊಡದ ಅಂಚಿನ ನೀರಿನಲ್ಲಿ ಮಂಜಿನ ಪೊರೆ ಕಟ್ಟಿತ್ತು. ಒಂದು ಬ್ಯಾಟರಿ ಅರ್ಧ ಮುಗಿದಿದ್ದುದರಿಂದ ತಂಗಿದ್ದ ಕೋಣೆಗೆ ಬಂದು, ಕ್ಯಾಮೆರಾವನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿದೆವು. ಕಿತ್ತಳೆ ಬಣ್ಣದ ದೀಪವು ಸ್ಥಿರವಾಗಿ ಉರಿಯುವುದರ ಬದಲು ಪಟಪಟನೆ ಮಿಟುಕಲಾರಂಭಿಸಿತು. ಕೇಬಲ್ಲು ತೆಗೆದು ಹಾಕಿದೆವು, ಮಿಟುಕಿತು. ಬೇರೆ ಕೇಬಲ್ಲು ಹಾಕಿದೆವು, ಮಿಟುಕಿತು. ಮಗನ ಕ್ಯಾಮೆರಾ ನಮ್ಮ ಕೈಯಲ್ಲಿ ಕೆಟ್ಟಿತೆಂದು ಎದೆ ನಡುಗಿತು. ಅಕ್ಕನ ಮುಖ ಕಣ್ಣ ಮುಂದೆ ಬಂದಿತು. ನಮ್ಮ ಮನೆಯವರು, “ನಿಮ್ಮ ಕೈಯೇ ಮಂಜುಗಡ್ಡೆಯಂತಿದೆ, ಅದಕ್ಕೆ ಮಾತ್ರ ಚಳಿಯಾಗುವುದಿಲ್ಲವೆ?” ಎಂದು ಹೇಳಿ, ಕ್ಯಾಮೆರಾವನ್ನು ಚೀಲದಲ್ಲಿ ಸುತ್ತಿ ತಮ್ಮ ರಜಾಯಿಯೊಳಗಿಟ್ಟುಕೊಂಡರು. ಅರ್ಧ ಗಂಟೆ ಕಳೆದಮೇಲೆ ಸಿಕ್ಕಿಸಿದರೆ ದೀಪ ಸ್ಥಿರವಾಗಿ ಉರಿಯಿತು! ಕಾರಣವು ಆಮೇಲೆ ತಿಳಿಯಿತು. ಶೂನ್ಯ ಡಿಗ್ರಿಗಿಂತ ತಣ್ಣಗಿರುವ ಲಿಥಿಯಮ್ ಬ್ಯಾಟರಿಗೆ ಚಾರ್ಜು ತುಂಬಿಸಿದರೆ ಒಳಗೆ ಲಿಥಿಯಮ್ ಲೋಹವು ಪದರ ಕಟ್ಟಿ ಅದು ಶಾಶ್ವತವಾಗಿ ಕೆಡುವುದು. ಆದುದರಿಂದ ಕ್ಯಾಮೆರಾ ತಾನೇ ತಡೆದುಕೊಂಡು, ಬೆಚ್ಚಗಾಗಲಿ ಎಂದು ಕಾಯುತ್ತಿತ್ತು. ಅಂದರೆ ಹಿಮದ ನಾಡಿನಲ್ಲಿ ಪವರ್ ಬ್ಯಾಂಕಿಗಿಂತಲೂ ಮೊದಲು ಬೇಕಾದುದು ರಜಾಯಿ.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಚಂದ್ರಶಿಲೆಗೆ ಏರಿದೆವು. ದೂರ ಒಂದೂವರೆ ಕಿಲೋಮೀಟರು ಮಾತ್ರ. ಆದರೆ ಹದಿಮೂರು ಸಾವಿರ ಅಡಿಯ ಗಾಳಿ ತೆಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ತದಿಗೆಯ ಚಂದ್ರನ ಬೆಳಕಿನಲ್ಲಿ ಹೋದೆವು. ಶಿಖರದಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು. ಎದುರಿಗೆ ಚೌಖಂಬಾ, ೭,೧೩೮ ಮೀಟರ್ ಎತ್ತರದ್ದು, ಬೂದಿಯ ಬಣ್ಣದಲ್ಲಿ ನಿಂತಿತ್ತು. ನಮ್ಮ ಸುತ್ತಲಿನವರ ಮೊಬೈಲುಗಳು ಒಂದೊಂದಾಗಿ ಆರುತ್ತಿದ್ದುವು.

ಕ್ಯಾಮೆರಾದಲ್ಲಿದ್ದುದು ರಾತ್ರಿ ತುಂಬಿಸಿದ ಬ್ಯಾಟರಿ. ಮೂಡಣದ ಅಂಚು ಕೆಂಪಾಗುವುದನ್ನೇ ಕಣ್ಣಿಟ್ಟು ನೋಡುತ್ತ ಅದರ ಬಹುಭಾಗವನ್ನು ನಾವೇ ಖರ್ಚುಮಾಡಿದೆವು. ಅದು ಮುಗಿಯಿತು. ಚೀಲದ ಹೊರ ಜೇಬಿನಲ್ಲಿದ್ದ ಅರ್ಧ ಬೆಲೆಯ ಬ್ಯಾಟರಿಯನ್ನು ಹಾಕಿದೆವು. ನೂರಕ್ಕೆ ಅರವತ್ತೆಂದು ತೋರಿಸಿತು. ಅಷ್ಟರಲ್ಲಿ ಎತ್ತರದ ಕಂಬದ ತುದಿಗೆ ಬೆಳಕು ಮುಟ್ಟಿತು. ಕೆಂಡದ ಒಂದು ಚುಕ್ಕೆಯಂತೆ. ನಾವು ಒತ್ತಿದೆವು, ಎರಡನೆಯದಕ್ಕೆ ಮುಟ್ಟಿತು, ಒತ್ತಿದೆವು. ಆಗ ಅರವತ್ತು ತೋರಿಸುತ್ತಿದ್ದ ಬ್ಯಾಟರಿ ನೇರವಾಗಿ ಶೂನ್ಯಕ್ಕೆ ಬಂದು ಪರದೆ ಕಪ್ಪಾಯಿತು.

ಏನು ಹೇಳಿದೆವೋ ತಿಳಿಯದು. ಅದು ಸಂಸ್ಕೃತವಂತೂ ಆಗಿರಲಿಲ್ಲ. ನಮ್ಮ ಮನೆಯವರು ಶಾಲಿನ ಒಳಗೆ ಕೈಹಾಕಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅಡಿಕೆಚೀಲದಿಂದ ಮೂರನೆಯ ಬ್ಯಾಟರಿಯನ್ನು ತೆಗೆದುಕೊಟ್ಟರು. ಊಖೀಮಠದಲ್ಲಿ ತುಂಬಿದಂದಿನಿಂದ ಅದು ಅಲ್ಲಿಯೇ ಇತ್ತಂತೆ. ರೊಟ್ಟಿಯಂತೆ ಬೆಚ್ಚಗಿತ್ತು. ಮರಗಟ್ಟಿದ ಬೆರಳುಗಳಿಂದ ಮುಚ್ಚಳ ತೆಗೆದು, ಹಳೆಯದನ್ನು ಕಿತ್ತು, ಇದನ್ನು ಹಾಕಿ ಕಣ್ಣಿಟ್ಟಾಗ ನಾಲ್ಕನೆಯ ಕಂಬ ಹತ್ತಿಕೊಳ್ಳುತ್ತಿತ್ತು. ಒಂಬತ್ತು ಚಿತ್ರ ತೆಗೆದೆವು. ಬಿಸಿಲು ಬಂದಮೇಲೆ ಮೊದಲನೆಯ ಬ್ಯಾಟರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿ ನೋಡಿದರೆ, ಸತ್ತಿತೆಂದುಕೊಂಡಿದ್ದುದು ಮತ್ತೆ ಎದ್ದು ಇಪ್ಪತ್ತು ಚಿತ್ರಗಳಿಗೆ ಬಂದಿತು! ಚಳಿಯಲ್ಲಿ ಬ್ಯಾಟರಿ ಬರಿದಾಗುವುದಿಲ್ಲ, ಕೊಡಲಾರದೆ ಕೈಕಟ್ಟಿ ಕುಳಿತುಕೊಳ್ಳುತ್ತದೆ, ಅಷ್ಟೆ. ಅರ್ಧ ಬೆಲೆಯದು ಮಾತ್ರ ಏಳಲಿಲ್ಲ. ಕೆಳಗಿಳಿದಾಗ ಅದರ ಪಕ್ಕ ಉಬ್ಬಿರುವುದು ಕಂಡಿತು. ಉಬ್ಬಿದುದಕ್ಕೆ ಮತ್ತೆ ಚಾರ್ಜು ಮಾಡಬಾರದು, ಕಸದ ಬುಟ್ಟಿಗೂ ಎಸೆಯಬಾರದು. ಊರಿಗೆ ತಂದು ಶಿಷ್ಯನ ಕೈಗೆ ಕೊಟ್ಟು ವಿದ್ಯುತ್ ಕಸದವರಿಗೆ ಸೇರಿಸಿದೆವು. ಅವನು ಒಂದು ಮಾತೂ ಆಡಲಿಲ್ಲ. ಹಳೆಯ ಗುರುಗಳೆಂಬ ದಾಕ್ಷಿಣ್ಯ.

ಊರು ಸೇರಿದ ಮರುದಿನ ಅಕ್ಕನ ಮನೆಗೆ ಹೋಗಿ, ಟೆಲಿವಿಷನ್ನಿನ ದೊಡ್ಡ ಪರದೆಗೆ ಕ್ಯಾಮೆರಾವನ್ನು ಜೋಡಿಸಿ, ಕಿಟಕಿಯ ಪರದೆ ಎಳೆದು ತೋರಿಸಿದೆವು. ಅಕ್ಕ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ನೋಡಿದಳು. ಬೂದಿಯ ಬಣ್ಣದ ಬೆಟ್ಟ. ಮೊದಲನೆಯದು ಹತ್ತಿತು. ಎರಡನೆಯದು ಹತ್ತಿತು. ಆಮೇಲೆ ನಾಲ್ಕೂ ಉರಿಯುತ್ತಿದ್ದುವು.

“ಮೂರನೆಯದು ಹತ್ತುವಾಗ ಎಲ್ಲಿ ಹೋಗಿದ್ದೆಯೋ?” ಎಂದಳು.

“ಬ್ಯಾಟರಿ ಬದಲಾಯಿಸುತ್ತಿದ್ದೆನಕ್ಕ.”

ಅಕ್ಕ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. “ಅಪ್ಪ ಬರಿಗಾಲಲ್ಲಿ ಹೋಗಿ ಬಂದರು. ನಿನಗೆ ಮೂರು ಬ್ಯಾಟರಿಯೂ ಸಾಲಲಿಲ್ಲ” ಎಂದು ನಕ್ಕಳು. ಬಳಿಕ, “ಇರಲಿ ಬಿಡು, ಮೂರನೆಯದು ನನಗೆ ಗೊತ್ತಿದೆ. ಮೊದಲಿಂದ ಇನ್ನೊಂದು ಸಲ ತೋರಿಸು” ಎಂದಳು.